ಸ್ಪೀಡ್ ಪೋಸ್ಟಾ, ಖಾಸಗಿ ಕೊರಿಯರಾ?

ಬೆಂಗಳೂರಲ್ಲಿ ಮನೆಯಿಂದಲೇ ಓಲೆ, ಜುಮುಕಿ ಮಾರುವವರಿಗೆ ನನ್ನ ಮತ ಸ್ಪೀಡ್ ಪೋಸ್ಟ್‌ಗೆ. 2025ರ ಅಕ್ಟೋಬರ್ 1ರಿಂದ ದರ ಬದಲಾಗಿದೆ, ನಿಜ: ಕಾಗದಪತ್ರಗಳಿಗೆ 50 ಗ್ರಾಂವರೆಗೆ ಊರೊಳಗೆ 19 ರೂಪಾಯಿ, ಹೊರಗೆ 47, ಮೇಲೆ ಜಿಎಸ್‌ಟಿ; ವಸ್ತುಗಳ ಪಾರ್ಸೆಲ್ ದರ ಬೇರೆ. ಅದೇ ವರ್ಷ ರಿಜಿಸ್ಟರ್ಡ್ ಪೋಸ್ಟ್ ಕೂಡ ಇದರಲ್ಲೇ ಸೇರಿಹೋಯಿತು. 150 ರೂಪಾಯಿಯ ಓಲೆ ಹುಬ್ಬಳ್ಳಿಗೆ ಕಳಿಸುವ ಖರ್ಚೇ ಹೆಚ್ಚಾದರೆ ಲಾಭ ಎಲ್ಲಿ ಉಳಿಯುತ್ತದೆ, ಹೇಳಿ? ಬೇಜಾರಾಗುತ್ತದೆ, ಆದರೂ ನನ್ನ ಆಯ್ಕೆ ಇದೇ.

ಕೊರಿಯರ್‌ನವರು ಮನೆಗೇ ಬಂದು ಒಯ್ಯುತ್ತಾರೆ, ಅದು ದೊಡ್ಡ ಅನುಕೂಲ. ಆದರೆ ಡಬ್ಬದ ಅಳತೆ ನೋಡಿಕೊಳ್ಳಿ. ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಬಂದದ್ದು ನಿಜ ತೂಕಕ್ಕಿಂತ ಹೆಚ್ಚಿದ್ದರೆ ಅದನ್ನೇ ಕೆಜಿ ತೂಕವೆಂದು ಹಿಡಿಯುವ ಲೆಕ್ಕ ಹಲವರದು, ಹಾಗಾಗಿ 30×20×10 ಸೆಂ.ಮೀ. ಡಬ್ಬದಲ್ಲಿ 400 ಗ್ರಾಂನ ಚನ್ನಪಟ್ಟಣದ ಗೊಂಬೆ ಇಟ್ಟರೂ 1.2 ಕೆಜಿಯ ದುಡ್ಡು ಕೊಡಬೇಕು. ಡಬ್ಬ ಚಿಕ್ಕದು, ತೂಕ ಜಾಸ್ತಿ ಅಂದರೆ ಮಾತ್ರ ಅವರ ದರ ಕೇಳಿ ನೋಡಿ.