ಗುಹೆಗೆ ಇಳಿಯುವ ಮೊದಲು ಕೇಳಿ: ಕೊನೆಯಲ್ಲಿ ನಡೆಯುವವರು ಯಾರು?

ಗೈಡ್ ಜೊತೆಗಿದ್ದಾನೆ ಎಂಬ ಒಂದೇ ಧೈರ್ಯದಿಂದ ನೆಲದಡಿಯ ಗುಹೆಗೆ ಇಳಿಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನೂ ನನ್ನ ಅಕ್ಕನೂ ಅದೇ ಧೈರ್ಯದಿಂದ ಇಳಿದೆವು. ಆಮೇಲೆ ಸುಮಾರು 20 ನಿಮಿಷ ಒದ್ದೆ ಮೆಟ್ಟಿಲೊಂದರ ಮೇಲೆ ಕತ್ತಲಲ್ಲಿ ಕುಳಿತಿದ್ದೆವು. ನಮ್ಮನ್ನು ಯಾರೂ ಹುಡುಕಿಕೊಂಡು ಬರಲಿಲ್ಲ. ಮುಂದಿನ ತಂಡ ಅದೇ ದಾರಿಯಲ್ಲಿ ಬಂದದ್ದರಿಂದ ಬದುಕಿದೆವು.

ಅಕ್ಕನಿಗೆ ಮೊಣಕಾಲು ನೋವು. ಟಿಕೆಟ್ ಕೊಳ್ಳುವಾಗಲೇ ಎಷ್ಟು ಮೆಟ್ಟಿಲುಗಳಿವೆ ಎಂದು ಕೇಳಿದ್ದೆ. "ಸ್ವಲ್ಪವೇ, ಯಾರು ಬೇಕಾದರೂ ಇಳಿಯಬಹುದು" ಎಂಬ ಉತ್ತರ ಸಿಕ್ಕಿತು. ಈ "ಸ್ವಲ್ಪ"ವನ್ನು ನಂಬಬೇಡಿ. ನಾನು ಎಣಿಸುತ್ತಾ ಇಳಿದೆ, 180 ದಾಟಿದ ಮೇಲೆ ಲೆಕ್ಕ ತಪ್ಪಿತು. ಬೆಟ್ಟದಲ್ಲಿ ಸುಸ್ತಾದರೆ ಹಿಂದಿರುಗುವ ದಾರಿ ಇಳಿಜಾರು. ಗುಹೆಯಲ್ಲಿ ಸುಸ್ತಾದ ಮೇಲೆಯೇ ಏರು ಶುರುವಾಗುತ್ತದೆ.

ನಾವು 26 ಜನ, ಗೈಡ್ ಒಬ್ಬ, ಅವನ ಕೈಯಲ್ಲಿ ಒಂದು ಟಾರ್ಚ್. ದಾರಿಯುದ್ದಕ್ಕೂ ಅಲ್ಲಲ್ಲಿ ವಿದ್ಯುತ್ ದೀಪಗಳಿದ್ದುದರಿಂದ ನಮಗ್ಯಾರಿಗೂ ಬೆಳಕಿನ ಚಿಂತೆ ಹತ್ತಲಿಲ್ಲ. ಆತ "ಇದು ಆನೆ, ಅದು ಹೆಬ್ಬಾವು" ಎಂದು ಕಲ್ಲುಗಳಿಗೆ ಹೆಸರಿಡುತ್ತಾ ಓಡುತ್ತಿದ್ದ. ಆ ಆನೆ ಹೇಗೆ ಹುಟ್ಟಿತು ಎಂದು ಹೇಳುವಷ್ಟು ವ್ಯವಧಾನ ಅವನಿಗಿರಲಿಲ್ಲ. ಮಣ್ಣಿನಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡ ಮಳೆನೀರು ಸುಣ್ಣಕಲ್ಲನ್ನು ಕರಗಿಸುತ್ತಾ ಇಳಿದು, ಗುಹೆಯ ಚಾವಣಿಯಲ್ಲಿ ಹನಿಹನಿಯಾಗಿ ಆ ಸುಣ್ಣವನ್ನು ಬಿಟ್ಟುಹೋಗುತ್ತದೆ. ಈ ತೂಗುಕಲ್ಲುಗಳು ಸಾಮಾನ್ಯವಾಗಿ ವರ್ಷಕ್ಕೆ ಬೆಳೆಯುವುದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಅಂಥದ್ದೊಂದರ ಮುಂದೆಯೇ ನಾನು ನಿಂತುಬಿಟ್ಟೆ. ಒಳಗೆ ಟೊಳ್ಳಾದ ಬಿಳಿ ನಳಿಕೆ, ಅದರ ತುದಿಗೆ ಒಂದು ಹನಿ, ನಳಿಕೆಯ ದಪ್ಪವೂ ಆ ಹನಿಯಷ್ಟೇ. ಬೀಳಲೋ ಬೇಡವೋ ಎಂಬಂತೆ ಅದು ತೂಗುತ್ತಿತ್ತು. ಅಕ್ಕನೂ ಕಾಲಿಗೆ ಬಿಡುವು ಸಿಕ್ಕಿತೆಂದು ಪಕ್ಕದಲ್ಲಿ ನಿಂತಳು. ಹನಿ ಬೀಳುವುದನ್ನು ನೋಡಿಯೇ ಹೋಗೋಣ ಎಂದುಕೊಂಡೆವು.

ದೂರದಲ್ಲಿ ಎಲ್ಲೋ ಟಕ್ ಎಂದಿತು. ದೀಪಗಳೆಲ್ಲ ಆರಿದವು.

ಅಮಾವಾಸ್ಯೆಯ ರಾತ್ರಿಯಲ್ಲಿಯೂ ಸ್ವಲ್ಪ ಹೊತ್ತಿಗೆ ಕಣ್ಣು ಹೊಂದಿಕೊಳ್ಳುತ್ತದೆ. ಗುಹೆಯೊಳಗೆ ಹೊಂದಿಕೊಳ್ಳಲು ಬೆಳಕಿನ ಕಣವೇ ಇರುವುದಿಲ್ಲ. ಮುಖದ ಮುಂದೆ ಕೈ ಆಡಿಸಿದೆ, ಕಂಡಂತಾಯಿತು. ಕಣ್ಣು ಮುಚ್ಚಿ ಆಡಿಸಿದೆ, ಆಗಲೂ ಹಾಗೆಯೇ "ಕಂಡಿತು". ಅದು ಮಿದುಳಿನ ಆಟ ಎಂದು ಗೊತ್ತಾದಾಗ ನಿಜವಾಗಿಯೂ ಜೀವ ಬಾಯಿಗೆ ಬಂತು. ಕೂಗಿದೆವು. ಗೈಡಿನ ದನಿ ಮುಂದಿನಿಂದಲೋ ಹಿಂದಿನಿಂದಲೋ ಬಂದು, ಗೋಡೆಗೋಡೆಗೂ ಬಡಿದು, ಕ್ಷೀಣಿಸಿತು. ದನಿ ಹಿಡಿದು ಹೋಗೋಣ ಎಂದು ನಾನು ಕಾಲೆತ್ತಿದ್ದೆ. ಅಕ್ಕ ಮಣಿಕಟ್ಟು ಹಿಡಿದು ಎಳೆದು ಕೂರಿಸಿದಳು: "ಒಂದು ಹೆಜ್ಜೆಯೂ ಇಡಬೇಡ. ಎಡಗಡೆ ಹೊಂಡವಿತ್ತು." ನಮ್ಮಿಬ್ಬರಲ್ಲಿ ಬುದ್ಧಿ ಇದ್ದದ್ದು ಅವಳಿಗೇ.

ನನ್ನ ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ, ಇರುವುದೂ ಇಲ್ಲ. ಫೋಟೊ ತೆಗೆದೂ ತೆಗೆದೂ ಬ್ಯಾಟರಿ ಶೇಕಡಾ 9ಕ್ಕೆ ಇಳಿದಿತ್ತು. ಆಗಾಗ ಅರೆ ಕ್ಷಣ ಟಾರ್ಚ್ ಹಾಕಿ, ಹೊಂಡ ಇದ್ದಲ್ಲೇ ಇದೆ ಎಂದು ಖಾತ್ರಿ ಮಾಡಿಕೊಂಡು ಆರಿಸುತ್ತಿದ್ದೆ. ಚಳಿಯ ಬಗ್ಗೆ ನಾವು ಯೋಚಿಸಿಯೇ ಇರಲಿಲ್ಲ. ನಡೆಯುವಾಗ ಹಿತವಾಗಿದ್ದ ತಂಪು ಕುಳಿತ ಮೇಲೆ ಮೂಳೆಗೆ ಇಳಿಯಿತು. ಗುಹೆಯ ಗಾಳಿಯಲ್ಲಿ ತೇವಾಂಶ ಎಷ್ಟಿರುತ್ತದೆ ಎಂದರೆ ಬೆವರಿದ ಅಂಗಿ ಆರುವುದೇ ಇಲ್ಲ.

ಆಗ ನೆನಪಾದದ್ದು ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆ. 2018ರ ಜೂನ್ 23ರಂದು 12 ಹುಡುಗರು ಮತ್ತು ಅವರ ಫುಟ್‌ಬಾಲ್ ತರಬೇತುದಾರ ಒಳಗೆ ಹೋದರು, ಮಳೆನೀರು ದಾರಿ ಮುಚ್ಚಿತು, ಕೊನೆಯವರು ಹೊರಬಂದದ್ದು ಜುಲೈ 10ರಂದು. ಅವರು ಒಳಗಿದ್ದಾರೆಂಬ ಸುಳಿವು ಕೊಟ್ಟದ್ದು ಗುಹೆಯ ಬಾಯಲ್ಲಿ ನಿಂತಿದ್ದ ಸೈಕಲ್‌ಗಳು. ನಮ್ಮದೆನ್ನುವ ಯಾವ ಗುರುತೂ ಹೊರಗೆ ಇರಲಿಲ್ಲ. ಟಿಕೆಟಿನ ಅರ್ಧ ಚೂರು ಡಬ್ಬಿಯಲ್ಲಿತ್ತು, ಅಷ್ಟೇ.

ಹೊರಬಂದು ಗೈಡನ್ನು ಹಿಡಿದು ಕೇಳಿದಾಗ ಆತ "ದಾಟಿದ ಭಾಗದ ದೀಪ ಆರಿಸುವುದು ನಿಯಮ" ಎಂದ. ನಿಯಮ ಸರಿಯೇ. ದೀಪ ಸದಾ ಉರಿಯುತ್ತಿದ್ದರೆ ಅದರ ಸುತ್ತ ಪಾಚಿ ಬೆಳೆದು ಬಿಳಿ ಕಲ್ಲು ಹಸಿರಾಗುತ್ತದೆ. ಆದರೆ ಕುರಿ ಕಾಯುವವನೂ ದೊಡ್ಡಿಯ ಬಾಗಿಲು ಹಾಕುವ ಮುನ್ನ ತಲೆ ಎಣಿಸುತ್ತಾನೆ. ಈತ ಎಲ್ಲಿಯೂ ನಿಂತು ಎಣಿಸಲಿಲ್ಲ, ತಂಡದ ಬಾಲದಲ್ಲಿ ಇನ್ನೊಬ್ಬರನ್ನು ಇಟ್ಟಿರಲಿಲ್ಲ.

ಹಾಗಾಗಿ ಹಣ ಕೊಡುವ ಮೊದಲು ಕೇಳಿ: ತಂಡದ ಕೊನೆಯಲ್ಲಿ ನಿಮ್ಮವರು ಯಾರು ನಡೆಯುತ್ತಾರೆ? ದೀಪ ಆರಿಸುವ ಮುನ್ನ ಎಣಿಸುತ್ತೀರಾ? ಮುಖ ಸಿಂಡರಿಸಿದರೆ ವಾಪಸ್ ಬನ್ನಿ, ಗುಹೆ ಎಲ್ಲಿಗೂ ಓಡಿಹೋಗುವುದಿಲ್ಲ. ಗುಹೆ ಸುತ್ತುವುದನ್ನೇ ಹವ್ಯಾಸ ಮಾಡಿಕೊಂಡವರು ತಲೆಗೆ ಕಟ್ಟುವ ದೀಪವೂ ಸೇರಿ ತಲಾ ಮೂರು ಬೆಳಕು ಒಯ್ಯುತ್ತಾರೆ. ನಮ್ಮಂಥವರಿಗೆ ಜೇಬಿನಲ್ಲಿ ಒಂದು ಪುಟ್ಟ ಟಾರ್ಚ್ ಆದರೂ ಇರಲಿ, ಮೊಬೈಲ್ ಲೆಕ್ಕಕ್ಕಿಲ್ಲ. ಚಪ್ಪಲಿ ಬೇಡ, ಹಿಡಿತವಿರುವ ಬೂಟು ಹಾಕಿ. ಇನ್ನೊಂದು ಮಾತು. ತಗ್ಗಿನ ಕೋಣೆಯಲ್ಲಿ ನಿಂತಲ್ಲೇ ಏದುಸಿರು ಬಂದರೆ, ತಲೆ ನೋಯತೊಡಗಿದರೆ ಅದು ಬರೀ ಭಯ ಎಂದು ಸುಮ್ಮನಿರಬೇಡಿ. ಇಂಗಾಲದ ಡೈಆಕ್ಸೈಡ್ ಅಂಥ ತಗ್ಗುಗಳಲ್ಲಿ ಶೇಖರವಾಗುತ್ತದೆ. ಗೈಡ್ ನಕ್ಕರೂ ಸರಿ, ಕೂಡಲೇ ಬಂದ ದಾರಿಯಲ್ಲಿ ಮೇಲಕ್ಕೆ ಹೊರಡಿ.

ಕಚೇರಿಯಲ್ಲಿ ದೂರು ಕೊಟ್ಟೆ. ಮೇಜಿನ ಹಿಂದಿದ್ದವರು "ನಮ್ಮಲ್ಲಿ ಎಲ್ಲಕ್ಕೂ ದಾಖಲೆಯಿದೆ" ಎಂದು ಪುಸ್ತಕ ತಿರುವಿ ತೋರಿಸಿದರು. ನಮ್ಮ ತಂಡದ ಸಾಲಿನಲ್ಲಿ ಒಳಹೋದವರು 26, ಹೊರಬಂದವರು 26 ಎಂದಿತ್ತು, ಪಕ್ಕದಲ್ಲಿ ಗೈಡಿನ ಸಹಿ. ಹೊರಬಂದ ಸಮಯವನ್ನೂ ಬರೆದಿದ್ದ. ಆ ಹೊತ್ತಿಗೆ ಅಕ್ಕ ಕತ್ತಲಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡು ಕುಳಿತಿದ್ದಳು.