ಮಿದುಳಿನ ರಕ್ತಸ್ರಾವ: ಪ್ಲಾಸ್ಮಾವೋ, ಪಿಸಿಸಿಯೋ?

ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಬಚ್ಚಲಲ್ಲಿ ಜಾರಿಬಿದ್ದು, ಸಿಟಿ ಸ್ಕ್ಯಾನ್‌ನಲ್ಲಿ ಮಿದುಳಿನ ರಕ್ತಸ್ರಾವ ಕಂಡರೆ, ವೈದ್ಯರು ಆ ಮಾತ್ರೆ ನಿಲ್ಲಿಸಿ ವಿಟಮಿನ್ ಕೆ ಕೊಡುತ್ತಾರೆ. ಅದು ಕೆಲಸ ಮಾಡಲು ಗಂಟೆಗಳೇ ಬೇಕು. ಅಲ್ಲಿಯವರೆಗೆ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೊರಗಿನಿಂದ ಕೊಡಬೇಕು: ಪ್ಲಾಸ್ಮಾ (ರಕ್ತದ ದ್ರವ ಭಾಗ) ಅಥವಾ ಪಿಸಿಸಿ (ಆ ಅಂಶಗಳನ್ನೇ ಸಾಂದ್ರಗೊಳಿಸಿದ ಮದ್ದು). ಯಾವುದು?

ಪ್ಲಾಸ್ಮಾ ಅಗ್ಗ, ರಕ್ತನಿಧಿಯಲ್ಲಿ ಸಿಗುತ್ತದೆ. ಆದರೆ ರಕ್ತದ ಗುಂಪು ಹೊಂದಬೇಕು, ಹಿಮಗಟ್ಟಿದ ಚೀಲ ಕರಗಬೇಕು; 60 ಕೆ.ಜಿ. ತೂಕದವರಿಗೆ 600ರಿಂದ 900 ಮಿ.ಲೀ. ಹರಿಸಬೇಕು. ಹೃದಯ ದುರ್ಬಲವಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟೀತು. ಪಿಸಿಸಿ ಪುಡಿಯ ರೂಪದಲ್ಲಿರುತ್ತದೆ. ಕಲಸಿ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲೇ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಸಂಖ್ಯೆ) ಇಳಿಯುತ್ತದೆ. ದುಬಾರಿ, ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವೂ ಉಂಟು. ಆದರೂ ಸಿಗುವಂತಿದ್ದರೆ ಪಿಸಿಸಿಯ ಬಗ್ಗೆಯೇ ಮೊದಲು ವಿಚಾರಿಸಿ. ಇಲ್ಲದಿದ್ದರೆ ಪ್ಲಾಸ್ಮಾ ತಡವಾಗದಿರಲಿ.

ಹೆಪ್ಪುಗಟ್ಟುವುದನ್ನು ತಡೆಯುವ ಇನ್ನೊಂದು ಮದ್ದು ಡಾಬಿಗಾಟ್ರಾನ್ ತೆಗೆದುಕೊಳ್ಳುವವರ ಲೆಕ್ಕವೇ ಬೇರೆ. ಅದಕ್ಕೆ ಇಡಾರುಸಿಜುಮ್ಯಾಬ್ ಎಂಬ ಪ್ರತ್ಯೇಕ ಮದ್ದಿದೆ. ಆಸ್ಪತ್ರೆಗೆ ಓಡುವಾಗ ಮಾತ್ರೆಯ ಪಟ್ಟಿ ಕೈಯಲ್ಲಿರಲಿ.