ಮನೆಯಲ್ಲಿ ಗಿಡ ಬೆಳೆಸಲು ಒಂದೇ ಚೀಲಕ್ಕೆ ಜಾಗ ಇದ್ದರೆ ಶುಂಠಿಯಾ, ಅರಿಶಿನವಾ?

ನನ್ನ ಉತ್ತರ ಅರಿಶಿನ. ಅಡುಗೆಮನೆಗೆ ದಿನಾ ಬೇಕಾಗುವುದು ಶುಂಠಿಯೇ, ನಿಜ. ಆದರೆ ಮೈಸೂರಿನ ನಮ್ಮ ಮನೆಯ ತಾರಸಿ ಮೇಲೂ, ಹಿತ್ತಿಲಲ್ಲೂ ಎರಡನ್ನೂ ಅಕ್ಕಪಕ್ಕ ಬೆಳೆಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನೆಡುವ ಕೆಲಸ ಎರಡಕ್ಕೂ ಒಂದೇ. ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ ಒಂದೆರಡು ಮಳೆ ಬೀಳಲಿ. ಕಣ್ಣು ಉಬ್ಬಿದ, 20–25 ಗ್ರಾಂ ತೂಗುವ ತುಂಡನ್ನು ಎರಡು ಇಂಚು ಆಳದಲ್ಲಿಟ್ಟು, ಮೇಲೆ ತರಗೆಲೆ ಹೊದಿಸಿದರೆ ಆಯಿತು. ವ್ಯತ್ಯಾಸ ಶುರುವಾಗುವುದು ಮಳೆ ಜೋರಾದ ಮೇಲೆ.

ಶುಂಠಿಗೆ ತೇವ ಬೇಕು, ಆದರೆ ನೀರು ನಿಲ್ಲಬಾರದು. ಸತತ ಮಳೆಯಲ್ಲಿ ಮಣ್ಣು ಒದ್ದೆಯಾಗಿಯೇ ಉಳಿದರೆ ಕೊಳೆ ರೋಗ ಬರುತ್ತದೆ. ಮೊದಲು ಕೆಳಗಿನ ಎಲೆಗಳ ತುದಿ ಹಳದಿಯಾಗುತ್ತದೆ. ಆಮೇಲೆ ಕಾಂಡ ಹಿಡಿದು ಎಳೆದರೆ ಸುಮ್ನೆ ಕೈಗೆ ಬರುತ್ತದೆ. ಅಷ್ಟು ಹೊತ್ತಿಗೆ ಗಡ್ಡೆ ಮೆತ್ತಗಾಗಿರುತ್ತದೆ. ಅದೇ ಮಳೆಯಲ್ಲಿ, ಅದೇ ಮಣ್ಣಿನಲ್ಲಿ ಪಕ್ಕದ ಅರಿಶಿನ ಅಗಲ ಎಲೆ ಬಿಟ್ಟುಕೊಂಡು ನಿಂತಿರುತ್ತದೆ. ಅರಿಶಿನಕ್ಕೆ ಕೊಳೆ ರೋಗ ಬರುವುದೇ ಇಲ್ಲ ಎಂದಲ್ಲ, ನಮ್ಮಲ್ಲಿ ತುಂಬಾ ಕಡಿಮೆ. ಶುಂಠಿ ಉಳಿಯಬೇಕಾದರೆ ಮಣ್ಣಿಗೆ ಮರಳು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಧಾರಾಳವಾಗಿ ಬೆರೆಸಬೇಕು. ಗೊಬ್ಬರದ ಜೊತೆ ಟ್ರೈಕೋಡರ್ಮಾ, ಅಂದರೆ ಕೊಳೆ ತಡೆಯುವ ಒಳ್ಳೆಯ ಶಿಲೀಂಧ್ರ, ಹಾಕಬೇಕು. ನೆಲದಲ್ಲಾದರೆ ಮಡಿಯನ್ನು ಒಂದಡಿ ಏರಿಸಬೇಕು. ಟೊಮೆಟೊ, ಬದನೆ, ಮೆಣಸಿನಕಾಯಿ ಬೆಳೆದ ಮಣ್ಣನ್ನು ಮಾತ್ರ ಶುಂಠಿಗೆ ಕೊಡಬೇಡಿ, ಸೊರಗು ರೋಗದ ಭಯ ಇರುತ್ತದೆ.

ಬಿಸಿಲಿನಲ್ಲೂ ಹಾಗೆಯೇ. ತಾರಸಿಯ ಮಧ್ಯಾಹ್ನದ ಬಿಸಿಲಿಗೆ ಶುಂಠಿ ಎಲೆಯ ಅಂಚು ಸುಟ್ಟಂತಾಗುತ್ತದೆ. ನುಗ್ಗೆ ಮರದ ಅಡಿ ಇಟ್ಟದ್ದು ಹಸಿರಾಗಿಯೇ ಇತ್ತು. ಅರಿಶಿನ ಬಿಸಿಲಿಗೂ ಸೈ, ಅರ್ಧ ನೆರಳಿಗೂ ಸೈ.

ಪಾತ್ರೆಯ ವಿಷಯದಲ್ಲಿ ಇಬ್ಬರದೂ ಒಂದೇ ಬೇಡಿಕೆ: ಆಳ ಬೇಡ, ಅಗಲ ಬೇಕು. ಪೇಂಟ್ ಬಕೆಟ್ಟಿನಲ್ಲಿ ಗಡ್ಡೆ ಪಕ್ಕಕ್ಕೆ ಹರಡಲು ಜಾಗವಿಲ್ಲದೆ ಒತ್ತಿಕೊಂಡು ಬೆಳೆಯುತ್ತದೆ. ಒಂದಡಿ ಎತ್ತರ, ಒಂದೂವರೆ ಅಡಿ ಅಗಲದ ಗ್ರೋ ಬ್ಯಾಗ್ ಎಷ್ಟೋ ಮೇಲು.

ಶುಂಠಿ ಗೆಲ್ಲುವ ಜಾಗ ಒಂದಿದೆ. ಐದಾರು ತಿಂಗಳಿಗೆಲ್ಲ ಚೀಲದ ಒಂದು ಬದಿಯ ಮಣ್ಣು ಸರಿಸಿ ಒಂದು ತುಂಡು ಮುರಿದುಕೊಳ್ಳಬಹುದು, ಗಿಡ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಆ ಎಳೆ ಶುಂಠಿಯಲ್ಲಿ ನಾರೇ ಇರುವುದಿಲ್ಲ. ತಂಬುಳಿಗೆ ಅದನ್ನು ಹಾಕಿ ರುಚಿ ನೋಡಿದವರಿಗೆ ಅಂಗಡಿಯದ್ದು ಸಪ್ಪೆ ಅನಿಸುತ್ತದೆ. ಅರಿಶಿನಕ್ಕೆ ಎಲೆ ಒಣಗಿ ಬೀಳುವ ತನಕ, ಅಂದರೆ ಎಂಟು ಒಂಬತ್ತು ತಿಂಗಳು, ಜನವರಿ ಫೆಬ್ರವರಿವರೆಗೆ ಕಾಯಬೇಕು. ಪುಡಿ ಬೇಕೆಂದರೆ ಗಡ್ಡೆ ಬೇಯಿಸಬೇಕು, ವಾರಗಟ್ಟಲೆ ಒಣಗಿಸಬೇಕು. ಐದು ಕಿಲೋ ಹಸಿ ಗಡ್ಡೆಗೆ ಒಣಗಿದ್ದು ಸಿಗುವುದು ಒಂದು ಕಿಲೋ ಆಸುಪಾಸು. ಹಾಗಾಗಿ ಚೀಲದಲ್ಲಿ ಬೆಳೆದ ಅರಿಶಿನದಿಂದ ಪುಡಿ ಮಾಡುವ ಆಸೆ ಬಿಡಿ. ಹಸಿಯಾಗಿಯೇ ಉಪ್ಪಿನಕಾಯಿಗೆ, ಕಷಾಯಕ್ಕೆ, ಹಾಲಿಗೆ ಬಳಸಿ.

ಇಷ್ಟು ಕಾಯಿಸಿದರೂ ಅರಿಶಿನವೇ ಮೇಲು ಎನ್ನಲು ದೊಡ್ಡ ಕಾರಣ ಅದರ ಎಲೆ. ಮೇ ತಿಂಗಳಲ್ಲಿ ನೆಟ್ಟರೆ ನಾಗರ ಪಂಚಮಿ ಹೊತ್ತಿಗೆ ಎಲೆ ಕೈಗೆ ಸಿಗುತ್ತದೆ. ಕರಾವಳಿಯಲ್ಲಿ ಆ ಹಬ್ಬಕ್ಕೆ ಅರಿಶಿನ ಎಲೆಯ ಕಡುಬು ಆಗಲೇಬೇಕು. ಅಕ್ಕಿ ಹಿಟ್ಟು ಬಳಿದು, ಕಾಯಿ ಬೆಲ್ಲ ಇಟ್ಟು, ಎಲೆ ಮಡಚಿ ಹಬೆಯಲ್ಲಿ ಬೇಯಿಸಿದಾಗ ಮನೆಯೆಲ್ಲ ಪರಿಮಳ. ಮೈಸೂರಿನ ಪೇಟೆಯಲ್ಲಿ ಆ ಎಲೆ ಹುಡುಕಿ ಅಲೆದವರಿಗೆ ಇದರ ಬೆಲೆ ಗೊತ್ತು, ಅಲ್ವಾ? ಹೊರಗಿನ ದೊಡ್ಡ ಎಲೆಗಳನ್ನು ಒಂದೆರಡು ಮಾತ್ರ ಕೊಯ್ಯಿರಿ. ಜಾಸ್ತಿ ಕೊಯ್ದರೆ ಗಡ್ಡೆ ಸಣ್ಣದಾಗುತ್ತದೆ.

ಎರಡಕ್ಕೂ ಜಾಗ ಇರುವವರು ಶುಂಠಿಯ ಚೀಲವನ್ನು ಸೂರಿನ ನೀರು ಬೀಳದ ಕಡೆ ಇಡಿ. ಬೀಜದ ಗಡ್ಡೆ ಮಾತ್ರ ನಂಬಿಕೆಯ ಕಡೆಯಿಂದ ತನ್ನಿ. ಕೋಳಿಕ್ಕೋಡಿನ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಶುಂಠಿಗೆ ವರದ, ಅರಿಶಿನಕ್ಕೆ ಪ್ರತಿಭಾ ಹೆಸರುವಾಸಿ. ಮುಂದಿನ ವರ್ಷಕ್ಕೆ ಒಂದಷ್ಟು ಗಟ್ಟಿ ಗಡ್ಡೆಯನ್ನು ಒಣ ಮರಳಿನಲ್ಲಿ ಹುದುಗಿಸಿ ತಂಪು ಮೂಲೆಯಲ್ಲಿಟ್ಟರೆ, ಮತ್ತೆ ಕೊಳ್ಳುವ ಕೆಲಸವಿಲ್ಲ.